ಕೆರೆದು ನೋಡದ ತಂತಿ

ಅತ್ತೆಯ ಬೆನ್ನ ಹಿಂದೆ, ಸಬ್‌ವೂಫರ್‌ಗೆ ಹೋಗುವ ತಂತಿಯ ತುದಿಯಿಂದ ಹೊಗೆ ಏಳುತ್ತಿತ್ತು. ಕಿವಿ ಮಂದವಾದ ಅವರಿಗೆ ಹಾಡಿನ ತಾಳ ಮೈಗಾದರೂ ತಿಳಿಯಲೆಂದು ನಾನೇ ತಂದ ಸ್ಪೀಕರ್ ಪೆಟ್ಟಿಗೆ ಅದು. ಅವರು ನೇಯ್ಗೆಗೆಂದು ಪೇರಿಸಿಟ್ಟ ನೂಲಿನ ಕಟ್ಟುಗಳಿಗೆ ಒರಗಿ ಕಣ್ಣು ಮುಚ್ಚಿದ್ದರು. ತಂತಿ ಯಾರ ಕಣ್ಣಿಗೂ ಬೀಳಬಾರದೆಂದು ಅದೇ ಕಟ್ಟುಗಳ ಅಡಿಯಲ್ಲಿ ಹಾಯಿಸಿದವನೂ ನಾನೇ. “ಹೊಗೆ!” ಎಂದು ಕೂಗಿದೆ; ಅತ್ತೆಗೆ ಕೇಳಲಿಲ್ಲ.

ಗಣಪತಿ ಬಡಾವಣೆಯ ವರ್ಕ್‌ಶಾಪೊಂದರಲ್ಲಿ ಪಂಪ್ ಮೋಟಾರುಗಳಿಗೆ ತಂತಿ ಸುತ್ತುವ ಮಾವ ಓಡಿಬಂದು ಪ್ಲಗ್ ಕಿತ್ತರು, ಅತ್ತೆಯನ್ನು ಎಳೆದು ನಿಲ್ಲಿಸಿದರು. ನೂಲಿನ ಒಂದು ಕಟ್ಟು ಅಂಚಿನಲ್ಲಿ ಕಪ್ಪಾಗಿತ್ತು.

“ಪಾಟು ಯಾಕ್ ನಿಲ್ಸುದ್ರಿ?” ಎಂದರು, ಹಾಡು ನಿಂತದ್ದಷ್ಟೇ ತಿಳಿದ ಅತ್ತೆ.

ಹೊಸ ತಂತಿ ಕೈಗೆ ಬಂದೊಡನೆ ಮೋಟಾರು ಕಸುಬಿನವರೆಲ್ಲ ಮಾಡುವಂತೆ, ಮಾವ ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದರು. ಮೇಲಿನ ತಾಮ್ರದ ಕೆಂಪು ಲೇಪ ಉದುರಿತು. ಒಳಗೆ ಬಿಳಿಯ ಅಲ್ಯುಮಿನಿಯಂ. ಸ್ಕ್ರೂವಿನಡಿ ಸಡಿಲಗೊಂಡು ಕಾದದ್ದು ಆ ಎಳೆಗಳೇ.

“ತಾಮ್ರಾನೇ ಅಂತ ಅಷ್ಟೊತ್ತು ವಾದ ಮಾಡ್ದೆಯಲ್ಲ ಕಣ್ಣು, ಒಂದ್ ತಡವೆ ಕೆರ್ದು ನೋಡಕ್ಕೆ ಬಿಟ್ಯಾ?” ಎಂದರು, ಎಂದಿನ ಮುದ್ದಿನ ಕರೆಯಲ್ಲೇ.

ಬಿಟ್ಟಿರಲಿಲ್ಲ. ಹಿಂದಿನ ದಿನ ಅವರು ಬ್ಲೇಡ್ ತೆಗೆದಾಗ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಬಣ್ಣ, ದಪ್ಪ, ಬೆಲೆಗಳನ್ನು ಮುಂದಿಟ್ಟು ಅವರ ಬಾಯಿ ಮುಚ್ಚಿಸಿದ್ದೆ.

ಊರಿನ ಸುಧಾರಣೆಗಾಗಿ ಇಂದಿಗೂ ಸಭೆಗಳಲ್ಲಿ ಮಾತನಾಡುತ್ತೇನೆ. ಆದರೆ ನನ್ನ ವಾದಕ್ಕೆ ಸೋತು ಎದುರಿನವರು ಸುಮ್ಮನಾದ ಕ್ಷಣ, ಸುಟ್ಟ ನೂಲಿನ ವಾಸನೆ ಮೂಗಿಗೆ ಬಡಿಯುತ್ತದೆ.