ಸಿಂಗಾಪುರವೋ, ಕಠ್ಮಂಡುವೋ
ನಾಲ್ಕು ದಿನದ ವಿದೇಶ ಪ್ರವಾಸಕ್ಕೆ ನಾನು ಸಿಂಗಾಪುರ ಎಂದೆ, ಅಕ್ಕ ಕಠ್ಮಂಡು ಎಂದಳು. ಧರಮಪೇಠ ಬಡಾವಣೆಯ ಪ್ರವಾಸ ಕಚೇರಿಯಲ್ಲಿ, ಅಲ್ಲಿನ ಹುಡುಗಿಯ ಎದುರಿಗೇ, “ಕಠ್ಮಂಡುಗ ಯಾರರ ವಿದೇಶ ಅಂತಾರೇನು? ಕಾನ್ವೆಂಟ್‌ನಾಗ ಓದಿದಾಕಿ ನಾನು, ನಿನಗೇನು ತಿಳೀತೈತಿ?” ಎಂದು ಅಕ್ಕನ ಬಾಯಿ ಮುಚ್ಚಿಸಿದೆ.

ಹುಡುಗಿ ಇಬ್ಬರ ಪಾಸ್‌ಪೋರ್ಟನ್ನೂ ತಿರುವಿ, “ಮ್ಯಾಡಮ್, ಆಪ್‌ಕಾ ತೋ ಖತಂ ಹೋ ಗಯಾ,” ಎಂದಳು. ನನ್ನದರ ಅವಧಿ ಮುಗಿದು ವರ್ಷವಾಗಿತ್ತು. ಅಕ್ಕನದು ಈ ಪ್ರವಾಸಕ್ಕೆಂದೇ ಮಾಡಿಸಿದ್ದು, ಹೊಚ್ಚ ಹೊಸದು. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಅಕ್ಕ ನಗಲಿಲ್ಲ, ಚುಚ್ಚಲಿಲ್ಲ. “ನೇಪಾಳಕ್ಕ ವೋಟರ್ ಕಾರ್ಡ್ ನಡೀತೈತಿ. ಪಶುಪತಿನಾಥ ಪಾಸ್‌ಪೋರ್ಟ್ ಕೇಳಂಗಿಲ್ಲ, ನಡಿ ತಂಗಿ,” ಎಂದಳು.

ವಿಮಾನ ನಿಲ್ದಾಣದಲ್ಲಿ ನಾನು ವೋಟರ್ ಕಾರ್ಡ್ ಚಾಚಿದೆ. ಅಕ್ಕ ಪಾಸ್‌ಪೋರ್ಟನ್ನೇ ತೋರಿಸಿದಳು. ನಮ್ಮಿಬ್ಬರಲ್ಲಿ ವಿದೇಶಕ್ಕೆ ಹೊರಟವಳು ಅವಳೊಬ್ಬಳೇ.