ಬೆನ್ನ ಕೆಳಗಿನ ಕೈ

ಜೂನ್ ಬಂತೆಂದರೆ ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಫ್ಲ್ಯಾಟಿನಲ್ಲಿ ನಲ್ಲಿಗಳು ಅದಲುಬದಲಾಗುತ್ತವೆ. ಚಾವಣಿಯ ಟ್ಯಾಂಕಿನ ನೀರು ಬಿಸಿಲಿಗೆ ಕಾದು, ತಣ್ಣೀರಿನ ನಲ್ಲಿಯ ಕೆಳಗೆ ಕೈ ಇಡಲಾಗುವುದಿಲ್ಲ. ಆಗ ಹೀಟರಿನ ಸ್ವಿಚ್ ಆರಿಸಿಬಿಡುತ್ತೇವೆ. ಎಸಿಯ ತಂಪಿನಲ್ಲಿ ಅದರೊಳಗಿನ ನೀರು ತಣ್ಣಗಾಗಿ, ಬಿಸಿನೀರಿನ ನಲ್ಲಿಯಲ್ಲಿ ಬರುತ್ತದೆ. ಹೊಸದಾಗಿ ಬಂದವರು ನಗುತ್ತಾರೆ. ಎರಡನೆಯ ಬೇಸಿಗೆಗೆ ಅವರೂ ಅದನ್ನೇ ಮಾಡುತ್ತಾರೆ.

ಈ ವರ್ಷ ಸ್ವಿಚ್ ಆರಿಸಿದವಳು ಹದಿನಾಲ್ಕರ ಮಗಳು. "ಅಮ್ಮ ಅಲ್ಲಿಯೂ ಹೀಗೇ ಮಾಡಿದ್ದಲ್ವಾ ಪಪ್ಪಾ?" ಅಂದಳು.

ಅಲ್ಲಿ ಎಂದರೆ ದಕ್ಷಿಣ ಆಫ್ರಿಕಾದ ಒಳನಾಡಿನ ಒಂದು ಸಣ್ಣ ಪಟ್ಟಣ. ಬೋಳು ಬೆಟ್ಟಗಳ ನಡುವೆ ದ್ರಾಕ್ಷಿ ತೋಟಗಳು, ಬಿಳಿ ಗೋಡೆಯ ಮನೆಗಳು, ಒಂದೇ ಮುಖ್ಯರಸ್ತೆ, ಊರಾಚೆ ಬಂಡೆಯ ಬುಡದಲ್ಲಿ ಬಿಸಿನೀರಿನ ಬುಗ್ಗೆ. ಜುಲೈ ರಜೆಗೆ ಎಲ್ಲರೂ ಮಂಗಳೂರಿನ ವಿಮಾನ ಹತ್ತುವಾಗ ನನ್ನ ಹೆಂಡತಿ, "ಈ ಸಲ ಒಮ್ಮೆ ಚಳಿ ಎಂತ ಅಂತ ನೋಡುವ ಮಾರಾಯ್ರೆ" ಎಂದು ಹಟ ಹಿಡಿದಿದ್ದಳು. ಅಲ್ಲಿ ಜುಲೈ ಎಂದರೆ ಚಳಿಗಾಲ. ಆದರೆ ಅವಳ ಕೈಗೆ ಅದು ಗೊತ್ತಿರಬೇಕಲ್ಲ. ಅತಿಥಿಗೃಹದ ಬಚ್ಚಲು ಹೊಕ್ಕವಳೇ ದುಬೈ ಅಭ್ಯಾಸದಂತೆ ಹೀಟರ್ ಆರಿಸಿಬಿಟ್ಟಿದ್ದಳು. ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಹಿಮ, ನಲ್ಲಿಯಲ್ಲಿ ಮಂಜುಗಡ್ಡೆಯಂಥ ನೀರು. ನಗುತ್ತ, ನಡುಗುತ್ತ, ಮೂವರೂ ಸ್ನಾನಕ್ಕೆಂದು ಬುಗ್ಗೆಗೆ ಓಡಿದೆವು.

ಮಗಳಿಗೆ ಆಗ ನಾಲ್ಕು ವರ್ಷ. ಮರುವರ್ಷ ಅವಳಮ್ಮ ಇರಲಿಲ್ಲ.

ಅಮ್ಮನ ಬಗ್ಗೆ ಮಗಳಿಗಿರುವುದು ಒಂದೇ ಒಂದು ನೆನಪು, ಅದು ಆ ಬೆಳಗಿನದು. ಹಬೆಯಾಡುವ ನೀರಿನಲ್ಲಿ ಅಂಗಾತ ತೇಲುತ್ತಿದ್ದಾಳೆ. ಬೆನ್ನ ಕೆಳಗೆ ಅಮ್ಮನ ಕೈ ಇದೆ. "ಬಿಡುದಿಲ್ಲ, ಬಿಡುದಿಲ್ಲ" ಎಂದು ಅಮ್ಮ ಹೇಳುತ್ತಿದ್ದಾಳೆ.

ಈ ಜೂನಿನಲ್ಲಿ ಸ್ವಿಚ್ ಆರಿಸಿದ ದಿನವೂ ಮಗಳು ಅದನ್ನೇ ಹೇಳಿದಳು. ನಾನು ಸುಮ್ಮನಿರಬೇಕಿತ್ತು. ನನ್ನ ಓದು ರಸಾಯನಶಾಸ್ತ್ರ, ಕೆಲಸ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ. ಯಾರು, ಎಲ್ಲಿ, ಯಾವಾಗ ತುಂಬಿಸಿದರೆಂದು ಬರೆಯದ ಬಾಟಲಿ ಬಂದರೆ ಮುಚ್ಚಳವನ್ನೂ ತೆರೆಯದೆ ಎಸೆಯುತ್ತೇವೆ. ಇಪ್ಪತ್ತು ವರ್ಷ ಇದನ್ನೇ ಮಾಡಿದವನ ನಾಲಿಗೆ ತಡೆಯಲಿಲ್ಲ.

"ಅಮ್ಮ ನೀರಿಗೆ ಇಳಿದಿರಲಿಲ್ಲ ಮಗಾ. ಅವಳಿಗೆ ಈಜು ಬರುತ್ತಿರಲಿಲ್ಲ. ಕಲ್ಲಿನ ಮೇಲೆ ಕೂತು ಕಾಲು ಮಾತ್ರ ಇಳಿಬಿಟ್ಟಿದ್ದಳು. ನಿನ್ನನ್ನು ಹಿಡಿದದ್ದು ಆ ಊರಿನ ಒಬ್ಬರು ಅಜ್ಜಿ, ಮೊಮ್ಮಕ್ಕಳ ಜೊತೆ ಬಂದಿದ್ದರು."

"ಬಟ್ ಶಿ ಸೆಡ್ ಬಿಡುದಿಲ್ಲ."

"ಅದನ್ನು ದಡದಿಂದಲೂ ಹೇಳಬಹುದಲ್ಲ."

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನದಿಂದ ನನ್ನ ಪ್ರಶ್ನೆಗಳಿಗೆಲ್ಲ ಓಕೆ, ಫೈನ್, ಇಷ್ಟೇ ಉತ್ತರ. ಅವಳಲ್ಲಿದ್ದ ಅಮ್ಮನನ್ನು ನಾನು ಒಂದೇ ನಿಮಿಷದಲ್ಲಿ ಖಾಲಿ ಮಾಡಿದ್ದೆ.

ಹತ್ತು ದಿನ ಕಳೆಯಿತು. ಶನಿವಾರ ಅಬುಧಾಬಿಯಲ್ಲಿ ನರ್ಸ್ ಆಗಿರುವ ಹೆಂಡತಿಯ ತಂಗಿಯ ಮನೆಗೆ ಒಬ್ಬನೇ ಹೋದೆ. ಅಕ್ಕ ನೀರಿಗಿಳಿದ ವಿಷಯ ಏನಾದರೂ ಹೇಳಿದ್ದಳೇ ಎಂದು ಕೇಳಿದೆ. ಅವಳು ಮೀನು ಹುರಿಯುತ್ತಿದ್ದವಳು ಒಲೆ ಆರಿಸಿದಳು.

"ಚಳಿ ಚಳಿ ಅಂತ ಹೇಳಿದ್ಳು, ಹೀಟರಿನದ್ದು ಹೇಳಿ ನಕ್ಕಳು. ಮತ್ತೆಂತ ನೆನಪಿಲ್ಲ ನನಗೆ. ಅಲ್ಲ ಭಾವ, ಸತ್ಯ ಹೇಳಿದ್ದಕ್ಕೆ ನಿಮಗೆ ಯಾರಾದ್ರೂ ಶಾಲು ಹೊದೆಸಿದ್ರಾ?"

"ಸುಳ್ಳನ್ನು ಹೇಗೆ ನಿಜ ಅನ್ನಲಿ?"

"ಖಲಾಸ್. ನೀವು ನಿಮ್ಮ ಲ್ಯಾಬಿನಲ್ಲೇ ಇರಿ. ಮಗುವನ್ನು ಇಲ್ಲಿಗೆ ಕಳಿಸಿ."

ಸಂಜೆ ಮನೆ ತಲುಪಿ ಕಾರಿನಿಂದ ಇಳಿದೆ. ಒಳಗಿನ ತಂಪಿನಿಂದ ಹೊರಗಿನ ಒದ್ದೆ ಸೆಕೆಗೆ ಬಂದೊಡನೆ ಕನ್ನಡಕ ಪೂರ್ತಿ ಮಂಜಾಯಿತು. ಇಲ್ಲಿ ಕನ್ನಡಕದವರಿಗೆಲ್ಲ ಬೇಸಿಗೆಯಲ್ಲಿ ದಿನಾ ಇದೇ ಪಾಡು. ಅಂಗಿಯ ಚುಂಗಿನಲ್ಲಿ ಒರೆಸುತ್ತ ನಿಂತಿದ್ದಾಗ, ಆ ಬುಗ್ಗೆಯ ಹಬೆಯಲ್ಲಿ ನಾನು ಇದನ್ನು ಏನು ಮಾಡಿದ್ದೆ ಎಂಬ ಪ್ರಶ್ನೆ ಬಂತು. ಅಲ್ಲಿ ಕನ್ನಡಕ ಹಾಕಿಕೊಂಡು ಇರಲು ಸಾಧ್ಯವೇ ಇರಲಿಲ್ಲ. ತೆಗೆದಿಟ್ಟಿರಲೇಬೇಕು. ತೆಗೆದರೆ ನಾಲ್ಕು ಮಾರು ಆಚೆಗಿನ ಮುಖ ನನಗೆ ಮುಖವಲ್ಲ, ಒಂದು ಬಣ್ಣ. ಕಲ್ಲಿನ ಮೇಲೆ ಕೂತ ಹೆಂಡತಿಯನ್ನು ನಾನು ಕಂಡದ್ದು ನಿಜ. ಆದರೆ ಎಷ್ಟು ಹೊತ್ತು? ಆಮೇಲೆ ಕಂಡದ್ದು ಯಾರನ್ನು? ಆ ಅಜ್ಜಿ ಮಗುವಿಗೆ ಕೈ ಚಾಚಿದ್ದು ಚೆನ್ನಾಗಿ ನೆನಪಿದೆ. ಎತ್ತಿಕೊಂಡದ್ದು ನೆನಪಿದೆಯೋ, ನಾನೇ ಸೇರಿಸಿಕೊಂಡದ್ದೋ, ಎಷ್ಟು ಕೆದಕಿದರೂ ತಿಳಿಯಲಿಲ್ಲ.

ಮೇಲೆ ಹೋಗಿ ಅವಳ ಬಾಗಿಲು ತಟ್ಟಿದೆ. ಹಾಸಿಗೆಯಲ್ಲಿ ಫೋನ್ ಹಿಡಿದು ಮಲಗಿದ್ದವಳಿಗೆ ನಿಂತುಕೊಂಡೇ ಎಲ್ಲ ಹೇಳಿದೆ. ಪರೀಕ್ಷೆಯಲ್ಲಿ ನಪಾಸಾದದ್ದನ್ನು ಮನೆಗೆ ಬಂದು ಒಪ್ಪಿಕೊಂಡ ಹಾಗಿತ್ತು.

ಅವಳು ಎದ್ದು ಕೂತಳು. "ಸೋ ಯು ಡಿಡಿಂಟ್ ಸೀ."

"ಸರಿಯಾಗಿ ಕಂಡಿರಲಿಲ್ಲ."

"ಹತ್ತು ದಿನ, ಪಪ್ಪಾ! ಹತ್ತು ದಿನ ನಾನು ಆ ಅಜ್ಜಿಯನ್ನು ಇಮ್ಯಾಜಿನ್ ಮಾಡ್ತಾ ಇದ್ದೆ. ಯು ಆರ್ ಸಚ್ ಅ…" ಎಂದವಳು ಮುಂದಿನ ಶಬ್ದ ಹುಡುಕಿ, ಸಿಗದೆ, ತಲೆದಿಂಬು ಎತ್ತಿ ನನ್ನ ಮೇಲೆ ಎಸೆದಳು.

ದಿಂಬನ್ನು ಹಿಡಿದುಕೊಂಡೇ ಹಾಸಿಗೆಯ ತುದಿಯಲ್ಲಿ ಕೂತೆ. ಹೆಂಡತಿ ಹೋಗಿ ಇಷ್ಟು ವರ್ಷವಾದ ಮೇಲೆ ನನ್ನಲ್ಲಿ ಉಳಿದಿರುವುದು ಅವಳ ಮಾತುಗಳು, ಜಗಳಗಳು, ಆಸ್ಪತ್ರೆಯ ಕಾಗದಗಳು. ಅವಳ ಸ್ಪರ್ಶ ಹೇಗಿತ್ತೆಂದು ನೆನೆಯಲು ಹೋದರೆ ಏನೂ ಸಿಗುವುದಿಲ್ಲ. ಇಷ್ಟು ದಿನ ನಾನು ಮಗಳ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದೆನೋ ಏನೋ.

"ಆ ಕೈ ಹೇಗಿತ್ತು?" ಎಂದು ಕೇಳಿದೆ.

ಮಗಳು ನನ್ನ ಮುಖವನ್ನೇ ನೋಡಿದಳು. ಇದು ವಿಚಾರಣೆಯೋ ಎಂದು ಅನುಮಾನಿಸುತ್ತಿದ್ದಿರಬೇಕು. ಆಮೇಲೆ ತಿರುಗಿ ಕೂತು, ತನ್ನ ಬೆನ್ನಿನ ನಡುವಿಗೆ ಕೈ ಹಿಂದೆ ಮಾಡಿ ತೋರಿಸಿದಳು. "ಇಲ್ಲಿ. ಚಿಕ್ಕ ಕೈ. ನೀರಿಗಿಂತ ತಣ್ಣಗೆ ಇತ್ತು."

"ಇನ್ನೊಮ್ಮೆ ಹೇಳು," ಅಂದೆ.