ಕೈ ಕೊಟ್ಟ ಡ್ರೈವರ್

ಮೊನ್ನೆ ಕುಂದಗೋಳದ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ನಾನಿನ್ನೂ ಬದುಕಿದ್ದೇನೆ ಎಂದು ಪಿಂಚಣಿ ಕಚೇರಿಗೆ ವರ್ಷಕ್ಕೊಮ್ಮೆ ಕಾಗದದ ಮೇಲೆ ತಿಳಿಸಬೇಕಲ್ಲ, ಅದರ ನಮೂನೆ ಬೇಕಿತ್ತು. ಅಂಗಡಿಯ ಹುಡುಗಿ ನಾಲ್ಕು ಸಲ ಗುಂಡಿ ಒತ್ತಿದಳು. ಪ್ರಿಂಟರ್ ಮಿಸುಕಲಿಲ್ಲ.

“ಡ್ರೈವರ್ ಕೈ ಕೊಟ್ಟೈತ್ರಿ ಕಾಕಾ,” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಆ ಹುಡುಗಿ ಏನು ಮಾಡ್ಯಾಳು ಪಾಪ! ಮೂವತ್ತೈದು ವರ್ಷಗಳ ಹಿಂದೆ ಅದೇ ಮಾತನ್ನು ನಾನೇ ನನ್ನ ಕೈಯಾರೆ ಬರೆದು, ಕೆಳಗೆ ಸೊಟ್ಟ ಸಹಿ ಹಾಕಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸಂಶಿಯ ಹಾದಿಯಲ್ಲಿ ಒಂದು ಹತ್ತಿ ಗಿರಣಿ, ಹೆಸರು ಬೇಡ. ನಾನು ಡಿಪ್ಲೊಮಾ ಮುಗಿಸಿ ಬಂದ ಹೊಸ ಎಂಜಿನಿಯರ್. ಕಿಸೆಯಲ್ಲಿ ಎರಡು ಪೆನ್ನು, ಒಂದು ಟೆಸ್ಟರ್, ತಲೆಯಲ್ಲಿ ಬೇಕಾದಷ್ಟು ಗಾಳಿ. ಗಿರಣಿಯ ಸಾವ್ಕಾರರು ಎಲ್ಲೋ ಪ್ರದರ್ಶನ ನೋಡಿ ಬಂದು ಕಂಪ್ಯೂಟರ್ ತರಿಸಿದ್ದರು. ಅದಿದ್ದ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಮೊದಲ ದಿನ ಪೂಜೆಯಲ್ಲಿ ಪರದೆಗೆ ಹಚ್ಚಿದ ಕುಂಕುಮ ಒರೆಸುವುದರಲ್ಲೇ ನನ್ನ ಅರ್ಧ ದಿನ ಹೋಯಿತು.

ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಕಾರ್ಡು. ಹತ್ತಿ ಬಿಡಿಸುವ ಯಂತ್ರದ ಮುಚ್ಚಳಕ್ಕೊಂದು ಸ್ವಿಚ್ಚು, ಅಲ್ಲಿಂದ ಕಾರ್ಡಿಗೆ ತಂತಿ. ಮುಚ್ಚಳ ತೆರೆದರೆ ಒಂದು, ಮುಚ್ಚಿದರೆ ಸೊನ್ನೆ. ಒಂದು ಬಂದ ಕೂಡಲೇ ಕಂಪ್ಯೂಟರ್ ಇನ್ನೊಂದು ತಂತಿಯಿಂದ ಮೋಟರಿನ ಕರೆಂಟು ತೆಗೆಯಬೇಕು. ಆದರೆ ಕಾರ್ಡಿನ ಮಾತು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ. ಅಲ್ಲಿನ ಸುದ್ದಿಯನ್ನು ಇಲ್ಲಿಗೆ, ಇಲ್ಲಿನ ಹುಕುಮನ್ನು ಅಲ್ಲಿಗೆ ಮುಟ್ಟಿಸುವ ಪ್ರೋಗ್ರಾಮ್ ಒಂದು ನಡುವೆ ಬೇಕು. ಅದು ಫ್ಲಾಪಿಯಲ್ಲಿ ಬಂದಿತ್ತು. ಅದಕ್ಕೆ ಡ್ರೈವರ್ ಎನ್ನುತ್ತಾರೆ.

ಗಿರಣಿಯಲ್ಲಿ ಇನ್ನೊಬ್ಬ ಡ್ರೈವರ್ ಇದ್ದರು. ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚಿದ್ದ ದಿನಗಳಲ್ಲಿ ಮೋಟರಿಗೂ ಕಂಪ್ಯೂಟರಿಗೂ ಕರೆಂಟು ಕೊಟ್ಟು ಗಿರಣಿಯನ್ನು ನಡೆಸುತ್ತಿದ್ದುದು ಡೀಸೆಲ್ ಎಂಜಿನ್ನು, ಎಂಜಿನ್ನನ್ನು ನಡೆಸುತ್ತಿದ್ದವರು ಫಕ್ಕೀರಪ್ಪ ಕಾಕಾ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಬುತ್ತಿ ತಂದ ಅವರ ಹೆಂಡತಿಯೂ ಬಾಗಿಲಲ್ಲಿ ನಿಂತು, “ಡ್ರೈವರ್ ಅದಾರೇನ್ರಿ?” ಎಂದೇ ಕೇಳುತ್ತಿದ್ದಳು. ಮೊದಲೆಲ್ಲ ಯಂತ್ರದಲ್ಲಿ ಹತ್ತಿ ಸಿಕ್ಕಿಕೊಂಡರೆ ಹೆಣ್ಣುಮಕ್ಕಳು “ಡ್ರೈವರ್, ತಡೀರಿ!” ಎಂದು ಕೂಗುತ್ತಿದ್ದರು. ಕಾಕಾ ನಿಲ್ಲಿಸಿದ ಮೇಲೆಯೇ ಮುಚ್ಚಳ ಎತ್ತುವುದು. ಕಂಪ್ಯೂಟರ್ ಬಂದ ಮೇಲೆ ಸಾವ್ಕಾರರು, “ಇನ್ನ ಮ್ಯಾಲೆ ಒದರೂದು ಬ್ಯಾಡ. ಮಷಿನ್ ತಾನ ನಿಂದರತೈತಿ,” ಎಂದು ಅಪ್ಪಣೆ ಮಾಡಿದರು.

ಫ್ಲಾಪಿಯ ಡ್ರೈವರ್ ಎರಡು ತಾಸು ನೆಟ್ಟಗೆ ನಡೆದು, ಆಮೇಲೆ ಮಂಕಾಗುತ್ತಿತ್ತು. ಮುಚ್ಚಳ ತೆರೆದರೂ ‘ಮುಚ್ಚಿದೆ’ ಎಂಬ ಹಳೆಯ ಸುದ್ದಿಯನ್ನೇ ಹೇಳುತ್ತಿತ್ತು. ಕಾರ್ಡು ಮಾರಿದ ಕಂಪನಿಗೆ ಎರಡು ಪತ್ರ ಬರೆದೆ. ನಿಮ್ಮಲ್ಲಿ ಧೂಳು ಹೆಚ್ಚು ಎಂದು ಉತ್ತರ ಬಂತು. ಪ್ರೋಗ್ರಾಮಿಗೆಲ್ಲಿಯ ಧೂಳು, ನೀವೇ ಹೇಳಿ! ಸಾವ್ಕಾರರಿಗೆ ತಿಳಿಸಿದರೆ, “ಹೊಸಾದೈತಿ, ಹೊಂದಕೋತೈತಿ ಬಿಡೋ,” ಎಂದರು. ಅವರು ಬಿಡು ಎಂದರು, ನಾನು ಬಿಟ್ಟೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನ್ನಿಸುತ್ತದೆ.

ಒಂದು ಮಧ್ಯಾಹ್ನ ನೀಲವ್ವ ಎಂಬಾಕೆ ಮುಚ್ಚಳ ಎತ್ತಿ ಕೈ ಹಾಕಿದಳು. ಯಂತ್ರ ನಿಲ್ಲಲಿಲ್ಲ. ಹಳೆಯ ರೂಢಿಯಿಂದ ಆಕೆ “ಡ್ರೈವರ್!” ಎಂದು ಚೀರಿದಳು. ನಾನು ಕಂಪ್ಯೂಟರಿನ ಕೋಣೆಗೆ ಓಡಿದೆ, ಅದೂ ಚಪ್ಪಲಿ ಬಿಟ್ಟು. ಅಷ್ಟರಲ್ಲಿ ಎಂಜಿನ್ ಮನೆಯಿಂದ ಹಾರಿಬಂದ ಕಾಕಾ ಬಡಿಗೆಯಿಂದ ಮೋಟರಿನ ಬೆಲ್ಟನ್ನು ಹೊಡೆದು ಕೆಡವಿದ್ದರು. ನೀಲವ್ವನ ಬಳೆ ಒಡೆದವು, ಎರಡು ಬೆರಳಿನ ಚರ್ಮ ಸುಲಿಯಿತು. ಕೈ ಉಳಿಯಿತು.

ಅವತ್ತೇ ನಾನು ವರದಿ ಬರೆದೆ. ಕಂಪನಿಯವರ ಕಣ್ಣು ತೆರೆಸಬೇಕೆಂಬ ಆವೇಶದಲ್ಲಿ, ಇಂಗ್ಲಿಷಿನಲ್ಲಿ: ‘ದಿ ಡ್ರೈವರ್ ಫೇಲ್ಡ್.’ ಅದರ ಒಂದು ಪ್ರತಿಯನ್ನು ಸಾವ್ಕಾರರ ಮೇಜಿನ ಮೇಲಿಟ್ಟೆ. ಮರುದಿನ ಬೆಳಿಗ್ಗೆ ಫಕ್ಕೀರಪ್ಪ ಕಾಕಾ ಅವರನ್ನು ಕೆಲಸದಿಂದ ತೆಗೆದಿದ್ದರು.

ಓಡಿಹೋಗಿ ಹೇಳಿದೆ: “ಸಾವ್ಕಾರ್ರ, ಅದು ಬ್ಯಾರೆ ಡ್ರೈವರ್ರಿ. ಫ್ಲಾಪಿಯೊಳಗಿಂದು.”

“ಫ್ಲಾಪಿಯೊಳಗಿನ ಡ್ರೈವರಗ ನಾ ಪಗಾರ ಕೊಡತೀನೇನ?” ಎಂದರು. “ಹೇಳಿ ಕೇಳಿ ಎಂಜಿನೇರ ನೀನ ಬರದೀದಿ. ಸಹಿನೂ ನಿಂದ ಐತಿ. ಈಗ ತಿರಗಾ ಮುರಗಾ ಮಾತಾಡಬ್ಯಾಡ.”

ಅವರಿಗೆ ತಿಳಿಯಲಿಲ್ಲವೆಂದು ನೀವು ಅಂದುಕೊಳ್ಳಬೇಡಿ. ಅಗದಿ ಚೆನ್ನಾಗಿ ತಿಳಿದಿತ್ತು. ಒದರಬೇಡಿ ಎಂದು ಅಪ್ಪಣೆ ಮಾಡಿದವರು ಯಾರು ಎಂಬ ಪ್ರಶ್ನೆ ಏಳಬಾರದಿತ್ತು. ಅದಕ್ಕೆ ನನ್ನ ಕಾಗದ ಒದಗಿಬಂತು. ಕೈ ಉಳಿಸಿದವರನ್ನೇ ಹೊರಗೆ ಹಾಕಿದ ಆ ಅನ್ಯಾಯ ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ.

ಎಂಜಿನ್ ಮನೆಯ ಕೀಲಿಕೈ ಗೂಟಕ್ಕೆ ಹಾಕಿ ಹೊರಟ ಕಾಕಾ ನನ್ನ ಮುಂದೆ ನಿಂತರು. “ಸಾಹೇಬ್ರ, ಕಾಗದದಾಗ ನನ್ನ ಹೆಸರ ಬರದೀರೇನ್ರಿ?”

“ಇಲ್ರಿ ಕಾಕಾ, ನಿಮ್ಮ ಹೆಸರ ಎಲ್ಲೂ ಇಲ್ಲ. ಡ್ರೈವರ್ ಅಂತಷ್ಟ ಬರದೇನ್ರಿ.”

“ಮತ್ತ ನನ್ನ ಹೆಸರು ಇನ್ನೇನೈತ್ರಿ?” ಎಂದವರೇ ಬುತ್ತಿಗಂಟು ಹಿಡಿದು ನಡೆದರು. ನಾನು ಕೆಲಸ ಬಿಡಲಿಲ್ಲ. ಆ ತಿಂಗಳ ಪಗಾರವನ್ನೂ ತೆಗೆದುಕೊಂಡೆ.

“ಯಾವ ಡ್ರೈವರ್? ಪೂರ್ತಿ ಹೇಳವಾ!” ಎಂದು ನಾನು ಗದರಿಸಿದ್ದಕ್ಕೆ ಝೆರಾಕ್ಸ್ ಅಂಗಡಿಯ ಹುಡುಗಿ ಕಣ್ಣು ಕಣ್ಣು ಬಿಟ್ಟಳು.

“ಪ್ರಿಂಟರಿಂದ್ರಿ ಕಾಕಾ. ಕೈ ಕೊಟ್ಟೈತಿ ಅಂದ್ನೆಲ್ರಿ? ಮನಷ್ಯಾ ಆಗಿದ್ರ ಕೊಟ್ಟಾನ ಅಂತಿದ್ದಿಲ್ಲೇನ್ರಿ?”

ಹೌದಲ್ಲ. ಅವತ್ತು ನಾನು ಕನ್ನಡದಲ್ಲಿ ಬರೆದಿದ್ದರೂ ಸಾಕಿತ್ತು.